ಸಂಡೇ ಸ್ಕೂಲ್ ಟೀಚರಿಗೂ ಒಂದು ಸರದಿ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ಈಗಿನ ಯುವಜನ ಯಾವ ಸೇವೆಗೂ ಮುಂದೆ ಬರುವುದಿಲ್ಲ ಎಂದು ಬೇಸರಪಟ್ಟು, ಕೊನೆಗೆ ‘ದೇವರ ಕೆಲಸ ಮಾಡುವವರಿಗೆ ದಣಿವೆಂಬುದೇ ಇರುವುದಿಲ್ಲ’ ಎಂದು ಬರೆದಿದ್ದರು. ಬರೆದವರು ಹಿರಿಯರಿರಬೇಕು. ಅವರ ಮನಸ್ಸು ನೋಯಿಸುವ ಇರಾದೆ ನನಗಿಲ್ಲ. ಆದರೆ ಆ ಒಂದು ಸಾಲು ಓದಿ ಪತ್ರಿಕೆ ಮಡಚಿಟ್ಟೆ, ಮತ್ತೆ ತೆಗೆದೆ, ಮತ್ತೆ ಮಡಚಿಟ್ಟೆ. ಹದಿಮೂರು ವರ್ಷ ನಾನೂ ಆ ಮಾತನ್ನೇ ನಂಬಿಕೊಂಡು ಬಂದವಳು. ಅದರಿಂದ ಏನಾಯಿತೆಂದು ಹೇಳದೆ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ. ಕತ್ತರಿಯ ವಿಷಯ ಮುಂದೆ ಹೇಗೂ ಬರುತ್ತದೆ.

ವಾರದ ದಿನಗಳಲ್ಲಿ ನಾನು ಒಂದು ಕಚೇರಿಯ ಲೆಕ್ಕ ಬರೆಯುವವಳು. ಭಾನುವಾರ ನಮ್ಮ ಚರ್ಚಿನ ಸಭೆಯ ಸಂಡೇ ಸ್ಕೂಲಿನಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳ ಟೀಚರ್. ಸಂಬಳವಿಲ್ಲ. ಯಾರೂ ಬಲವಂತ ಮಾಡಿದ್ದೂ ಅಲ್ಲ, ನಾನಾಗಿಯೇ ಕೈ ಎತ್ತಿದ್ದು. ಆರಾಧನೆಗೆ ಒಂದು ಗಂಟೆ ಮೊದಲೇ ಹೋಗಿ ಕೋಣೆ ಗುಡಿಸಬೇಕು, ಹಾಜರಿ ಪುಸ್ತಕ ತೆಗೆದಿಡಬೇಕು, ಬಣ್ಣದ ಕಡ್ಡಿಗಳಲ್ಲಿ ಮುರಿದವನ್ನು ಬೇರೆ ಮಾಡಬೇಕು, ಕತ್ತರಿ ಎಣಿಸಬೇಕು. ಹನ್ನೆರಡು ಕೊಟ್ಟರೆ ಹನ್ನೊಂದೇ ವಾಪಸು ಬರುವುದು. ಹನ್ನೆರಡನೆಯದು ಯಾರ ಕೈಯಲ್ಲಿದೆ, ಯಾರ ಜಡೆಯ ಹತ್ತಿರ ಇದೆ ಎಂದು ಹುಡುಕುವ ಆ ಎರಡು ನಿಮಿಷದಲ್ಲಿ ನನ್ನ ಆಯಸ್ಸು ಎರಡು ವರ್ಷ ಕಡಿಮೆಯಾಗಿರುತ್ತದೆ.

ನಮ್ಮ ಕೋಣೆಗೂ ದೊಡ್ಡವರ ಆರಾಧನೆಗೂ ನಡುವೆ ಒಂದೇ ಗೋಡೆ. ಹಾಡು ಗುಂಯ್ ಎಂದು ಕೇಳುತ್ತದೆ, ಸಭಾಪಾಲಕರ ಉಪದೇಶ, ಅಂದರೆ ಪ್ರಸಂಗ, ಯಾರೋ ಗೊಣಗಿದ ಹಾಗೆ ಕೇಳುತ್ತದೆ, ‘ಆಮೆನ್’ ಒಂದು ಮಾತ್ರ ಸ್ಪಷ್ಟ. ಯಾವುದಕ್ಕೆ ಆಮೆನ್ ಎಂದು ಗೊತ್ತಿಲ್ಲದೆ, ಗೋಂದಿನ ಡಬ್ಬಿ ಹಿಡಿದುಕೊಂಡೇ ನಾನೂ ಎಷ್ಟೋ ಸಲ ಆಮೆನ್ ಅಂದಿದ್ದೇನೆ.

ಲೆಕ್ಕದವಳಾದ್ದರಿಂದ ಒಂದು ರಾತ್ರಿ ಹಳೆಯ ಡೈರಿಗಳನ್ನೆಲ್ಲ ತೆಗೆದು ಕೂಡಿಸಿದೆ. 13 ವರ್ಷದಲ್ಲಿ, ಮೊದಲ ಹಾಡಿನಿಂದ ಕೊನೆಯ ಆಶೀರ್ವಾದದವರೆಗೆ ನಾನು ಗೋಡೆಯ ಆಚೆ ಕೂತಿದ್ದ ಭಾನುವಾರಗಳು 41. ಅದರಲ್ಲೂ ಹೆಚ್ಚಿನವು ನನಗೆ ಕೆಮ್ಮು, ಜ್ವರ ಬಂದು, ಮಕ್ಕಳಿಗೆ ಅಂಟದಿರಲಿ ಎಂದು ನನ್ನನ್ನು ಹೊರಗಿಟ್ಟ ಭಾನುವಾರಗಳು. ದೊಡ್ಡವರಿಗೆ ಅಂಟಿದರೆ ಪರವಾಗಿಲ್ಲ ಎಂಬ ಲೆಕ್ಕ ಇದ್ದಿರಬೇಕು. ಜ್ವರ ಬಂದರೆ ಮಾತ್ರ ದೇವರ ವಾಕ್ಯ ಕೇಳಲು ಸಿಗುವ ಬದುಕು ಎಂಥದ್ದು ನೋಡಿ!

ನನಗೆ ಮೈ ದಣಿದದ್ದು ಕಡಿಮೆ. ದಣಿದದ್ದು ಬೇರೆ ಎಲ್ಲೋ. ಬೈಬಲ್ ತೆರೆದರೆ ಅದು ನನಗೆ ಓದುವ ಪುಸ್ತಕವಾಗಿ ಉಳಿದಿರಲಿಲ್ಲ, ಪಾಠದ ಸಾಮಾನಿನ ಪೆಟ್ಟಿಗೆಯಾಗಿತ್ತು. 23ನೇ ಕೀರ್ತನೆ ಓದಲು ಕೂತರೆ ‘ಹತ್ತಿಯಲ್ಲಿ ಕುರಿ ಮಾಡಿಸಬಹುದು, ಕಾಲಿಗೆ ಬೆಂಕಿಕಡ್ಡಿ ಅಂಟಿಸಬಹುದು’ ಎಂದೇ ತಲೆಗೆ ಬರುತ್ತಿತ್ತು. ಹಸಿರುಗಾವಲಿನಲ್ಲಿ ಆತನು ನನ್ನನ್ನು ತಂಗಿಸುತ್ತಾನೆ ಎಂದು ಬಾಯಲ್ಲಿ ಹೇಳುತ್ತ, ಹಸಿರು ಕಾಗದ ಎಷ್ಟು ಹಾಳೆ ಬೇಕು ಎಂದು ಎಣಿಸುತ್ತಿದ್ದೆ. ಪ್ರಾರ್ಥನೆಯೂ ಹಾಗೇ ಆಗಿತ್ತು. ಒಬ್ಬಳೇ ಕೂತಾಗಲೂ ‘ಪುಟ್ಟ ಕೈಗಳನ್ನು ಜೋಡಿಸೋಣ, ಕಣ್ಣು ಮುಚ್ಚೋಣ’ ಎನ್ನುವ ಧಾಟಿಯಲ್ಲಿ ಶುರುವಾಗುತ್ತಿತ್ತು. ಒಂದು ಸಲ ಗಂಡನಿಗೆ ಕೇಳಿಸಿ, ನಿನಗೆ ಎಷ್ಟನೇ ಕ್ಲಾಸಮ್ಮಾ ಎಂದು ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ.

ಈ ಸ್ಥಿತಿ ನನಗೆ ತಿಳಿದದ್ದು ಒಬ್ಬ ಏಳು ವರ್ಷದ ಹುಡುಗನಿಂದ. ಆ ದಿನದ ಪಾಠ, ಯೇಸು ಬಿರುಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ್ದು. ನಮ್ಮಲ್ಲಿ ಹಳೆಯ ಫ್ಲಾನೆಲ್ ಬೋರ್ಡ್ ಇದೆ. ಅದರ ಮೇಲೆ ಬಟ್ಟೆಯ ಬೊಂಬೆಗಳನ್ನು ಒತ್ತಿದರೆ ಅಂಟಿಕೊಳ್ಳುತ್ತವೆ. ಯೇಸುವಿನ ಬೊಂಬೆ ಎಲ್ಲ ಕಥೆಗೂ ಬೇಕಾದದ್ದರಿಂದ ಹಿಂಬದಿಯ ಜುಂಗು ಪೂರ್ತಿ ಸವೆದು ನುಣುಪಾಗಿ ಹೋಗಿದೆ. ಪೇತ್ರ ಗಟ್ಟಿಯಾಗಿ ನಿಲ್ಲುತ್ತಾನೆ, ಅಲೆಗಳು ನಿಲ್ಲುತ್ತವೆ, ಯೇಸು ಮಾತ್ರ ಎರಡು ವಾಕ್ಯ ಮುಗಿಯುವಷ್ಟರಲ್ಲಿ ಜಾರಿ ಕೆಳಗೆ ಬೀಳುವುದು. ಗುಂಡುಸೂಜಿ ಚುಚ್ಚಲು ನನಗೆ ಮನಸ್ಸು ಬಾರದು. ಒಂದು ಕೈಯಲ್ಲಿ ಬೊಂಬೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಿರುಗಾಳಿ ಮಾಡುತ್ತಿದ್ದೆ.

‘ಯೇಸು ನಿದ್ದೆ ಮಾಡ್ತಾ ಇದ್ದರು, ಆಗ ದೊಡ್ಡ ಗಾಳಿ...’ ಎಂದು ಓಡಿಸುತ್ತಿದ್ದೆ. ಅವನು ಕೈ ಎತ್ತಿದ.

‘ಯಾಕೆ ನಿದ್ದೆ ಮಾಡ್ತಿದ್ರು ಟೀಚರ್? ರಾತ್ರಿಯಾಗಿತ್ತಾ?’

‘ಸಂಜೆ ಕಣೋ. ಮುಂದೆ ಕೇಳು.’

ಪಕ್ಕದ ಹುಡುಗಿಗೆ ಉತ್ತರ ಸಿದ್ಧವಿತ್ತು. ‘ಸುಸ್ತಾಗಿತ್ತು ಕಣೋ. ಬೆಳಿಗ್ಗೆಯಿಂದ ಕಥೆ ಹೇಳಿದ್ದರಲ್ಲ. ಹೋದ ವಾರ ಬೀಜದ್ದು, ಅದರ ಹಿಂದಿನ ವಾರ ದೀಪದ್ದು. ಎಲ್ಲ ಅವತ್ತೇ ಹೇಳಿದ್ದು.’

ನಾನು ಬಾಯಿ ಮುಚ್ಚಿದೆ. ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯವನ್ನು ನಾನು ಎಷ್ಟು ಸಲ ಕಲಿಸಿಲ್ಲ! ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ) ಒಂದು ಪಾಠ, ದೀಪ ಒಂದು ಪಾಠ, ಸಾಸಿವೆಕಾಳು ಒಂದು ಪಾಠ, ಬಿರುಗಾಳಿ ಒಂದು ಪಾಠ ಎಂದು ತುಂಡು ಮಾಡಿ ಹಂಚಿದ್ದರಿಂದ, ಅದು ಒಂದೇ ದಿನದ ಕಥೆ ಎಂಬುದು ನನಗೇ ಮರೆತುಹೋಗಿತ್ತು. ದೋಣಿಯಲ್ಲಿ ಕೂತು ದಡದ ಜನರಿಗೆ ದಿನವೆಲ್ಲ ಸಾಮ್ಯ ಹೇಳಿದ್ದು, ಅದೇ ದಿನ ಸಂಜೆ ಆಚೇದಡಕ್ಕೆ ಹೋಗೋಣ ಅಂದದ್ದು, ಶಿಷ್ಯರು ಆತನನ್ನು ಇದ್ದ ಹಾಗೆಯೇ ದೋಣಿಯಲ್ಲಿ ಕರೆದುಕೊಂಡು ಹೋದದ್ದು. ಇದ್ದ ಹಾಗೆಯೇ! ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಹೋದದ್ದು. ಈ ಕಥೆಯನ್ನು ಮತ್ತಾಯನೂ ಲೂಕನೂ ಹೇಳುತ್ತಾರೆ, ದಿಂಬು ಮಾತ್ರ ಮಾರ್ಕನಲ್ಲೇ ಇರುವುದು. ದಿನವಿಡೀ ಕಲಿಸಿದವನು ಸಂಜೆ ಮಲಗಿದ. ಆ ಹುಡುಗಿ ಕಂಡದ್ದನ್ನು ನಾನು ಕಂಡಿರಲಿಲ್ಲ. ಪವಾಡಕ್ಕೆ ತಲುಪುವ ಅವಸರದಲ್ಲಿ ದಿಂಬನ್ನು ದಾಟಿಕೊಂಡು ಹೋಗುತ್ತಿದ್ದೆ. ನಮ್ಮ ಬೊಂಬೆಯ ಪೆಟ್ಟಿಗೆಯಲ್ಲಿ ಅಲೆಗಳು ಐದಿದ್ದವು, ದಿಂಬು ಇರಲಿಲ್ಲ.

ಆ ಹುಡುಗ ಅಂದು ಚಿತ್ರ ಬರೆಯುವಾಗ ದೋಣಿಗಿಂತ ದೊಡ್ಡ ದಿಂಬು ಬರೆದ. ಯೇಸು ಅದರ ಮೇಲೆ ಒಂದು ಚುಕ್ಕೆಯಷ್ಟು ಇದ್ದರು.

ಮರುವಾರ ನಾನು ನಮ್ಮ ಮಕ್ಕಳ ವಿಭಾಗ ನೋಡಿಕೊಳ್ಳುವವರ ಬಳಿ ಹೋಗಿ ಮೂರು ತಿಂಗಳು ಬಿಡುವು ಬೇಕೆಂದೆ. ಅವರ ಮುಖದಲ್ಲಿ ಮೊದಲು ಕಂಡದ್ದು ಗಾಬರಿ. ‘ಏನಾದರೂ ಬೇಜಾರಾಯ್ತಾ? ಯಾರಾದರೂ ಏನಾದರೂ ಅಂದ್ರಾ?’ ಯಾರೂ ಏನೂ ಅಂದಿಲ್ಲ ಎಂದೆ. ‘ಮತ್ತೆ? ಮಕ್ಕಳಿಗೆ ನೀವೇ ಆಗಬೇಕಲ್ಲ...’ ಈ ಮಾತು ಸಂಪಾದಕರೇ, ಸಿಹಿ ಮಾತು. ಹದಿಮೂರು ವರ್ಷ ನನ್ನನ್ನು ಆ ಕೋಣೆಯಲ್ಲಿ ಹಿಡಿದಿಟ್ಟದ್ದರಲ್ಲಿ ದೇವರ ಮೇಲಿನ ಪ್ರೀತಿ ಎಷ್ಟು, ಈ ಮಾತಿನ ರುಚಿ ಎಷ್ಟು ಎಂದು ತೂಗಿದರೆ ತಕ್ಕಡಿ ಯಾವ ಕಡೆ ಬಾಗುತ್ತದೋ ಹೇಳಲಾರೆ.

ತಪ್ಪು ಅವರದ್ದೊಂದೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಹಾಯಕ್ಕೆಂದು ಬಂದ ಇಬ್ಬರು ಕಾಲೇಜು ಹುಡುಗಿಯರು ಎರಡು ತಿಂಗಳಲ್ಲಿ ಬಿಟ್ಟುಹೋದರು, ಅದಕ್ಕೆ ಕಾರಣ ನಾನು. ಅವರು ಕತ್ತರಿಸಿದ ನಕ್ಷತ್ರ ಸೊಟ್ಟಗಿದೆ ಎಂದು ಅವರೆದುರಿಗೇ ತೆಗೆದು ನಾನು ಮತ್ತೆ ಕತ್ತರಿಸಿದ್ದೆ. ಅವರು ಹಾಡು ಹೇಳಿಕೊಡುವಾಗ ನಡುವೆ ಬಾಯಿ ಹಾಕಿ ರಾಗ ತಿದ್ದಿದ್ದೆ. ಯುವಜನ ಮುಂದೆ ಬರುವುದಿಲ್ಲ ಎಂದು ಬರೆದ ಹಿರಿಯರಿಗೆ ಇದನ್ನೂ ಹೇಳಬೇಕು. ಬರುತ್ತಾರೆ ಸ್ವಾಮಿ. ಬಂದವರನ್ನು ನಮ್ಮಂಥವರೇ ಓಡಿಸುತ್ತೇವೆ. ಆಮೇಲೆ ‘ಎಲ್ಲ ನನ್ನ ತಲೆಯ ಮೇಲೇ ಬಿದ್ದಿದೆ’ ಎಂದು ನಿಟ್ಟುಸಿರು ಬಿಡುತ್ತೇವೆ. ಲೂಕನ ಹತ್ತನೇ ಅಧ್ಯಾಯದಲ್ಲಿ ಮಾರ್ಥಳು ಬಂದು ನನ್ನ ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ ಎಂದು ದೂರುವಳಲ್ಲ, ಆ ದನಿ ನನಗೆ ಚೆನ್ನಾಗಿ ಗೊತ್ತು. ನನ್ನದೇ ದನಿ.

ಬಿಡುವು ಕೇಳಿದ್ದು ಪಾಪವೋ ಏನೋ ಎಂಬ ಅಳುಕಿನಲ್ಲಿ ನಾನು ಹಳೆಯ ಒಡಂಬಡಿಕೆಯನ್ನು ಲೆಕ್ಕ ತಪಾಸಣೆ ಮಾಡುವವಳ ಹಾಗೆ ಹಿಡಿದು ಕೂತೆ. ದೇವಾಲಯದಲ್ಲಿ ಸೇವೆ ಮಾಡುತ್ತಿದ್ದವರು ಏನು ಮಾಡುತ್ತಿದ್ದರು? ವಾರಕ್ಕೊಮ್ಮೆ ಬರುವ ಸಬ್ಬತ್ ದಿನ ಎಲ್ಲರಿಗೂ ವಿಶ್ರಾಂತಿ, ಯಾಜಕರಿಗೆ ಮಾತ್ರ ಅಂದೇ ಕೆಲಸ ಹೆಚ್ಚು. ಯಾಜಕರು ದೇವಾಲಯದಲ್ಲಿ ಸಬ್ಬತ್ತನ್ನು ಮೀರಿದರೂ ಅವರ ಮೇಲೆ ದೋಷವಿಲ್ಲ ಎಂದು ಯೇಸುವೇ ಹೇಳಿದ್ದು ಮತ್ತಾಯ 12ರಲ್ಲಿದೆ. ಹದಿಮೂರು ವರ್ಷ ನಾನು ಆ ವಚನವನ್ನೇ ನನಗೆ ಅನ್ವಯಿಸಿಕೊಂಡಿದ್ದೆ. ಆದರೆ ಆ ಯಾಜಕರು ವರ್ಷವಿಡೀ ಅಲ್ಲೇ ಇರುತ್ತಿರಲಿಲ್ಲ. ಒಂದನೇ ಪೂರ್ವಕಾಲವೃತ್ತಾಂತದ 24ನೇ ಅಧ್ಯಾಯದಲ್ಲಿ ಅವರನ್ನು 24 ವರ್ಗಗಳಾಗಿ ಹಂಚಿ, ಯಾರದು ಮೊದಲು ಯಾರದು ನಂತರ ಎಂದು ಚೀಟು ಹಾಕಿದ ಪಟ್ಟಿಯೇ ಇದೆ. ಒಂದು ಸಬ್ಬತ್ತಿಗೆ ಒಂದು ವರ್ಗ ಒಳಗೆ ಬಂದರೆ ಇನ್ನೊಂದು ವರ್ಗ ಹೊರಗೆ ಹೋಗುತ್ತಿತ್ತು. ಎರಡನೇ ಪೂರ್ವಕಾಲವೃತ್ತಾಂತದಲ್ಲಿ, ಬಾಲಕ ಯೋವಾಷನನ್ನು ಪಟ್ಟಕ್ಕೆ ತರುವ ದಿನ, ಬರುವವರೂ ಹೋಗುವವರೂ ಇಬ್ಬರೂ ಇರಲಿ ಎಂದು ಯಾಜಕ ಯೆಹೋಯಾದನು ಯಾರನ್ನೂ ಮನೆಗೆ ಕಳಿಸಲಿಲ್ಲ ಎಂದಿದೆ. ಅಂಥ ರಾಜ್ಯಕ್ರಾಂತಿ ಆಗುವ ದಿನ ಮಾತ್ರ ಸರದಿ ಮುಗಿದವರನ್ನು ಉಳಿಸಿಕೊಂಡದ್ದು. ನಮ್ಮಲ್ಲಿ ಪ್ರತಿ ಭಾನುವಾರವೂ ರಾಜ್ಯಕ್ರಾಂತಿ.

ಸ್ನಾನಿಕನಾದ ಯೋಹಾನನ ತಂದೆ ಜಕರೀಯನು ಈ ಪಟ್ಟಿಯ ಎಂಟನೆಯದಾದ ಅಬೀಯನ ವರ್ಗದವನು. ಧೂಪ ಹಾಕಲು ಒಳಗೆ ಹೋದಾಗ ದೇವದೂತ ಕಾಣಿಸಿಕೊಂಡ, ಮಗ ಹುಟ್ಟುವನೆಂದ, ಈತ ಮೂಕನಾದ. ಇಷ್ಟೆಲ್ಲ ಆದ ಮೇಲೆ ಲೂಕ ಸಣ್ಣ ವಾಕ್ಯವೊಂದನ್ನು ಸೇರಿಸುತ್ತಾನೆ: ಸೇವೆಯ ದಿನಗಳು ಮುಗಿದ ಮೇಲೆ ಅವನು ತನ್ನ ಮನೆಗೆ ಹೋದನು. ದೇವದೂತನನ್ನು ಕಂಡವನೂ ಸರದಿ ಮುಗಿದಾಗ ಮನೆಗೆ ಹೊರಟ! ಈ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಸಹೋದ್ಯೋಗಿಗಳು ಅದು ನಿವೃತ್ತಿಯ ವಚನವೆಂದು ತಿಳಿದಿದ್ದಾರೆ. ನಿವೃತ್ತಿಯದ್ದು ಬೇರೆ ಇದೆ. ಅರಣ್ಯಕಾಂಡ 8ರಲ್ಲಿ ಲೇವಿಯರು, ಅಂದರೆ ದೇವರ ಗುಡಾರದ ಸೇವೆಗೆ ಮೀಸಲಾದ ಕುಲದವರು, 25ನೇ ವಯಸ್ಸಿಗೆ ಸೇವೆಗೆ ಸೇರಬೇಕು, 50 ಆದ ಮೇಲೆ ದುಡಿಮೆ ಬಿಟ್ಟು ಸಹೋದರರಿಗೆ ನೆರವಾಗಿ ನಿಲ್ಲಬಹುದು ಎಂದಿದೆ. ನನಗೆ 51.

ಇನ್ನೊಂದು ವಿಷಯ, ಪತ್ರಿಕೆಯವರಾದ ನಿಮಗೆ ಹಿಡಿಸಬಹುದು. ಸಂಡೇ ಸ್ಕೂಲ್ ಚಳವಳಿಗೆ ಹೆಸರು ತಂದ ರಾಬರ್ಟ್ ರೈಕ್ಸ್ ನಿಮ್ಮ ಹಾಗೆ ಪತ್ರಿಕೆ ನಡೆಸುತ್ತಿದ್ದವರು. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ‘ಗ್ಲಾಸ್ಟರ್ ಜರ್ನಲ್’ ಅವರದ್ದು. ಅವರಿಗಿಂತ ಮುಂಚೆಯೂ ಕೆಲವರು ಇಂಥ ಶಾಲೆ ನಡೆಸಿದ್ದರು. 1769ರಲ್ಲೇ ಹನ್ನಾ ಬಾಲ್ ಎಂಬ ಹೆಂಗಸು ಹೈ ವಿಕಂಬ್ ಎಂಬ ಊರಿನಲ್ಲಿ ಒಂದನ್ನು ಶುರುಮಾಡಿದ್ದರು. ರೈಕ್ಸ್ 1780ರಲ್ಲಿ ಶುರುಮಾಡಿ, 1783ರಲ್ಲಿ ತಮ್ಮ ಪತ್ರಿಕೆಯಲ್ಲೇ ಅದರ ಸುದ್ದಿ ಹಾಕಿದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಆ ಮಕ್ಕಳು ವಾರದ ಆರು ದಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಅವರಿಗೆ ಅಕ್ಷರ ಕಲಿಯಲು ಉಳಿದ ದಿನ ಭಾನುವಾರ ಒಂದೇ. ಅಲ್ಲಿಗೆ ಸಂಡೇ ಸ್ಕೂಲ್ ಹುಟ್ಟಿದ್ದೇ ಬಿಡುವಿಲ್ಲದವರ ಬಿಡುವಿನ ದಿನದಲ್ಲಿ. ರೈಕ್ಸ್ ಕಲಿಸಲು ನೇಮಿಸಿದ ಹೆಂಗಸರಿಗೆ ಭಾನುವಾರಕ್ಕೆ ಒಂದು ಶಿಲಿಂಗ್ ಕೂಲಿ ಕೊಡುತ್ತಿದ್ದರು. ಕೂಲಿಯಿಲ್ಲದೆ ಕಲಿಸುವ ರೂಢಿ ಬಂದದ್ದು ಆಮೇಲೆ. ನನಗೆ ಶಿಲಿಂಗ್ ಬೇಡ. ಆದರೆ ಕೂಲಿ ಕೊಡುವವನಿಗೆ ಇಷ್ಟು ಹೊತ್ತು, ಇಷ್ಟು ಕೆಲಸ ಎಂಬ ಲೆಕ್ಕ ಇರುತ್ತದೆ. ಬಿಟ್ಟಿ ಕೆಲಸಕ್ಕೆ ಆ ಲೆಕ್ಕವನ್ನು ಯಾರೂ ಇಡುವುದಿಲ್ಲ.

ದುಡಿದು ದುಡಿದು ಒಳಗೇ ಬರಿದಾಗುವ ದಣಿವಿಗೆ ಇಂಗ್ಲಿಷಿನವರು ‘ಬರ್ನೌಟ್’ ಎನ್ನುತ್ತಾರಲ್ಲ, ಆ ಮಾತನ್ನು 1974ರಲ್ಲಿ ಮನಶ್ಶಾಸ್ತ್ರದ ಬರಹಕ್ಕೆ ತಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಕಂಡದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ, ಹಗಲು ಬೇರೆ ಕೆಲಸ ಮಾಡಿ ಸಂಜೆ ಬಂದು ಸೇವೆ ಮಾಡುವವರಲ್ಲಿ. ಫ್ರಾಯ್ಡನ್‌ಬರ್ಗರ್ ಕೂಡ ಹಾಗೇ ಸಂಜೆ ಬಂದು ದುಡಿಯುತ್ತಿದ್ದವರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ವ್ಯಾಖ್ಯೆ ಕೊಡುವಾಗ, ಇದು ಉದ್ಯೋಗಕ್ಕೆ ಸಂಬಂಧಿಸಿದ್ದು, ಬದುಕಿನ ಬೇರೆ ಕಡೆಗಳಿಗೆ ಹಚ್ಚಬಾರದು ಎಂದಿತು. ಅಂದರೆ ಸ್ವಯಂಸೇವಕರಲ್ಲಿ ಕಂಡು ಹೆಸರಿಟ್ಟ ದಣಿವಿನ ವ್ಯಾಖ್ಯೆಯೊಳಗೆ ಸ್ವಯಂಸೇವಕರಿಗೇ ಈಗ ಜಾಗವಿಲ್ಲ. ಇರಲಿ.

ಮೂರು ತಿಂಗಳು ಸಿಕ್ಕಿತು. ಸಿಕ್ಕಿದ ಮೇಲೆ ವಿಶ್ರಾಂತಿ ತಾನಾಗಿ ಬಂದಿತೆಂದು ಯಾರೂ ತಿಳಿಯಬಾರದು. ಮೊದಲ ಭಾನುವಾರ ನಾಲ್ಕನೇ ಸಾಲಿನಲ್ಲಿ ಕೂತೆ. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಗೋಡೆಯಾಚೆ ಮಕ್ಕಳ ಗಲಾಟೆ ಕೇಳಿದಾಗಲೆಲ್ಲ ಎದ್ದು ನಿಲ್ಲುವ ಹಾಗಾಗುತ್ತಿತ್ತು. ಈಗ ಆ ಕಡೆಯಿಂದ ‘ಆಮೆನ್’ ಕೇಳುತ್ತಿತ್ತು, ಯಾವುದಕ್ಕೆಂದು ಗೊತ್ತಿಲ್ಲ. ಪ್ರಸಂಗ ನಡೆಯುವಾಗ ಇದನ್ನು ಆರು ವರ್ಷದ ಮಗುವಿಗೆ ಹೇಗೆ ಹೇಳುವುದು ಎಂದು ಮನಸ್ಸು ಕತ್ತರಿ ಗೋಂದು ಹುಡುಕುತ್ತಿತ್ತು. ಎರಡನೇ ಭಾನುವಾರ ನಿದ್ದೆ ಬಂತು. ಪ್ರಸಂಗದ ನಡುವೆ, ಎಲ್ಲರೆದುರು, ಗಂಡ ಮೊಣಕೈಯಲ್ಲಿ ತಿವಿಯುವವರೆಗೆ. ನಾಚಿಕೆಯಾಗಿ ಆಮೇಲೆ ಸಭಾಪಾಲಕರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ. ‘ಎಲೀಯನ ಕಥೆ ಮಕ್ಕಳಿಗೆ ಹೇಳುತ್ತೀರಲ್ಲಮ್ಮಾ, ಜಾಲೀಗಿಡದ ಕೆಳಗಿನದನ್ನು ಓದಿ’ ಎಂದಷ್ಟೇ ಹೇಳಿ ಹೋದರು.

ಓದಿದೆ. ಒಂದನೇ ಅರಸುಗಳು 19. ನಮ್ಮ ಪಠ್ಯಕ್ರಮದಲ್ಲಿ ಪ್ರವಾದಿ ಎಲೀಯನೆಂದರೆ ಕರ್ಮೆಲ್ ಬೆಟ್ಟ, ಆಕಾಶದಿಂದ ಬಿದ್ದ ಬೆಂಕಿ. ಮಕ್ಕಳಿಗೆ ಬೆಂಕಿ ಇಷ್ಟ. ಅದರ ಮುಂದಿನ ಅಧ್ಯಾಯದಲ್ಲಿ ಅದೇ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ನನಗೆ ಸಾಕು, ಪ್ರಾಣ ತೆಗೆದುಕೋ ಎನ್ನುತ್ತಾನೆ, ಮಲಗಿಬಿಡುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡುವುದಿಲ್ಲ. ಎದ್ದು ಊಟ ಮಾಡು ಎನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಬಂದು ಮತ್ತೆ ಊಟಕ್ಕೆ ಎಬ್ಬಿಸುತ್ತಾನೆ. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬರುವುದು ಎರಡು ನಿದ್ದೆ, ಎರಡು ಊಟ, ನಲವತ್ತು ದಿನದ ನಡಿಗೆ ಆದ ಮೇಲೆ. ನಾನು ಪ್ರಸಂಗದ ನಡುವೆ ನಿದ್ದೆ ಹೋದದ್ದರ ಬಗ್ಗೆ ಮತ್ತೆ ಕ್ಷಮೆ ಕೇಳಲಿಲ್ಲ.

ಆ ತಿಂಗಳುಗಳಲ್ಲಿ ನನಗೆ ನಾನೇ ಹಾಕಿಕೊಂಡ ಒಂದು ಕಟ್ಟಳೆ: ಬೈಬಲ್ ಓದುವಾಗ ಕೈಯಲ್ಲಿ ಪೆನ್ನು ಇರಕೂಡದು. ಕೇಳಲು ಸಣ್ಣದು, ಮಾಡಲು ಕಷ್ಟ. ಮೊದಲ ವಾರ ಬೆರಳು ತುರಿಸುತ್ತಿತ್ತು. ಎಷ್ಟೋ ದಿನ ಒಂದೇ ಕೀರ್ತನೆ, 131. ಮೂರೇ ವಚನ. ನನ್ನ ಪ್ರಾಣವನ್ನು ಸಮಾಧಾನಪಡಿಸಿ ಸುಮ್ಮನಿರಿಸಿದ್ದೇನೆ, ಮೊಲೆ ಬಿಟ್ಟ ಕೂಸು ತಾಯಿಯ ಬಳಿ ಇರುವ ಹಾಗೆ ಎನ್ನುತ್ತಾನೆ ಕೀರ್ತನೆಗಾರ. ಮೊಲೆ ಉಣ್ಣುವ ಕೂಸು ತಾಯಿಯ ಹತ್ತಿರ ಬಂದರೆ ತಡಕಾಡುತ್ತದೆ, ಅಳುತ್ತದೆ, ಅದಕ್ಕೆ ಏನೋ ಬೇಕು. ಮೊಲೆ ಬಿಟ್ಟ ಕೂಸು ಸುಮ್ಮನೆ ಬಂದು ತೊಡೆಗೆ ಒರಗುತ್ತದೆ. ನನ್ನ ಮಗಳು ಎರಡು ವರ್ಷದವಳಿದ್ದಾಗ ಹಾಗೆ ಬಂದು ಒರಗಿ, ಏನೂ ಕೇಳದೆ, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಹದಿಮೂರು ವರ್ಷ ನಾನು ದೇವರ ಹತ್ತಿರ ಹೋದಾಗಲೆಲ್ಲ ಮುಂದಿನ ಭಾನುವಾರಕ್ಕೆ ಏನಾದರೂ ಕೊಡು ಎಂದು ತಡಕಾಡುತ್ತಲೇ ಹೋಗಿದ್ದೆ. ಒರಗಿದ್ದು ನೆನಪಿಲ್ಲ.

ಇನ್ನೊಂದು, 127ನೇ ಕೀರ್ತನೆ. ‘ಮಕ್ಕಳು ಯೆಹೋವನಿಂದ ಬಂದ ಸ್ವಾಸ್ತ್ಯ’ ಎಂಬ ಅದರ ಮೂರನೇ ವಚನ ನಮ್ಮ ಕೋಣೆಯ ಬಾಗಿಲ ಮೇಲೇ ಇದೆ, ಬಣ್ಣದ ಅಕ್ಷರದಲ್ಲಿ, ನಾನೇ ಕತ್ತರಿಸಿ ಅಂಟಿಸಿದ್ದು. ಅದರ ಹಿಂದಿನ ವಚನ ನಾನು ಎಂದೂ ಅಂಟಿಸಿರಲಿಲ್ಲ. ಬೇಗನೆ ಎದ್ದು ತಡವಾಗಿ ಮಲಗಿ ದುಡಿಯುವುದು ವ್ಯರ್ಥ, ಆತನು ತನ್ನ ಪ್ರಿಯರಿಗೆ ನಿದ್ದೆಯನ್ನು ಕೊಡುತ್ತಾನೆ ಎಂದು ಅದರಲ್ಲಿದೆ. ನಿದ್ದೆಯ ಮಾತು ಮುಗಿದ ಕೂಡಲೇ ಮಕ್ಕಳ ಮಾತು. ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟವನಿಗೆ ಮಕ್ಕಳನ್ನು ನೋಡಿಕೊಂಡು ಗೊತ್ತಿದ್ದಿರಬೇಕು!

ಸಭೆಗಳವರು, ಮುಖ್ಯವಾಗಿ ಮಕ್ಕಳನ್ನು ನಮ್ಮ ಕೈಗೊಪ್ಪಿಸಿ ಒಳಗೆ ಹೋಗಿ ಕೂರುವ ತಂದೆತಾಯಿಯರು ಈ ಪತ್ರಿಕೆ ಓದುತ್ತಾರೆ. ಅವರಿಗೆ ಒಂದೆರಡು ಮಾತು. ವರ್ಷಕ್ಕೊಮ್ಮೆ ನಮ್ಮನ್ನು ಮುಂದೆ ಕರೆದು, ಚಪ್ಪಾಳೆ ಹೊಡೆದು, ಒಂದು ಫಲಕ ಕೊಡುವ ಪದ್ಧತಿ ಹಲವು ಕಡೆ ಇದೆ. ನನ್ನ ಹತ್ತಿರ ನಾಲ್ಕಿವೆ. ಫಲಕದ ಬದಲು, ಎಲ್ಲರೂ ಸೇರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ಭಾನುವಾರ ಯಾರಾದರೂ ನಮ್ಮ ಕೋಣೆಗೆ ಬಂದು ‘ನೀವು ಒಳಗೆ ಹೋಗಿ, ನಾನಿದ್ದೇನೆ’ ಎಂದರೆ ಸಾಕಿತ್ತು. ಹಾಗೆ ಬರುವುದಾದರೆ ಇಬ್ಬರು ಬನ್ನಿ. ಮಕ್ಕಳ ಜೊತೆ ಯಾವ ಹೊತ್ತಿಗೂ ಒಬ್ಬರೇ ದೊಡ್ಡವರು ಇರಬಾರದು ಎಂಬುದು ಮಕ್ಕಳ ಸುರಕ್ಷತೆಗಾಗಿ ಇರುವ ನಿಯಮ, ಅದರಲ್ಲಿ ರಿಯಾಯಿತಿ ಬೇಡ. ಆರಾಧನೆ ಮುಗಿದ ಮೇಲೆ ಬಾಗಿಲ ಹೊರಗೆ ನಿಂತು ಇಪ್ಪತ್ತು ನಿಮಿಷ ಹರಟೆ ಹೊಡೆಯುವ ಅಪ್ಪಅಮ್ಮಂದಿರು ಮಗುವನ್ನು ಮೊದಲು ಕರೆದುಕೊಂಡು ಆಮೇಲೆ ಹರಟೆ ಹೊಡೆಯಿರಿ. ಆ ಇಪ್ಪತ್ತು ನಿಮಿಷ ನಮಗೆ ಇಡೀ ಪಾಠಕ್ಕಿಂತ ಉದ್ದ. ‘ಪ್ರಸಂಗ ರೆಕಾರ್ಡ್ ಆಗಿರುತ್ತದೆ, ಮನೆಯಲ್ಲಿ ಕೇಳಿಕೊಳ್ಳಿ’ ಎನ್ನುವವರಿಗೆ: ಕೇಳಿದ್ದೇನೆ, ಇಸ್ತ್ರಿ ಮಾಡುತ್ತ. ಪಕ್ಕದಲ್ಲಿ ಹಾಡುವವರಿಲ್ಲದೆ ಹಾಡುವುದು ನನಗೆ ಸಾಲದು.

ನಮ್ಮದು ಸಣ್ಣ ಸಭೆ, ಇರುವವರೇ ಮೂರು ಜನ, 24 ವರ್ಗ ಎಲ್ಲಿಂದ ತರೋಣ ಎಂದು ಕೇಳುವವರು ಇದ್ದೇ ಇರುತ್ತಾರೆ. ನ್ಯಾಯವೇ. ಹಾಗಿದ್ದರೆ ತಿಂಗಳಿಗೊಂದು ಭಾನುವಾರ ಆ ಕೋಣೆಗೆ ಬೀಗ ಹಾಕಿ. ಮಕ್ಕಳು ಒಳಗೇ ಕೂರಲಿ. ಧರ್ಮಶಾಸ್ತ್ರವನ್ನು ಓದುವಾಗ ಗಂಡಸರು ಹೆಂಗಸರ ಜೊತೆ ಮಕ್ಕಳನ್ನೂ ಸೇರಿಸಿರಿ ಎಂದು ಮೋಶೆ ಹೇಳಿದ್ದು ಧರ್ಮೋಪದೇಶಕಾಂಡ 31ರಲ್ಲಿದೆ. ಗಲಾಟೆ ಆಗುತ್ತದೆ, ಆಗಲಿ. ಹದಿಮೂರು ವರ್ಷ ನಾನು ಕೇಳಿದ ಗಲಾಟೆಯನ್ನು ದೊಡ್ಡವರು ತಿಂಗಳಿಗೊಮ್ಮೆ ಕೇಳಲಿ. ಮೋಶೆಗೇ ಅವನ ಮಾವ ಇತ್ರೋ ಬಂದು, ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುವುದನ್ನು ನೋಡಿ, ಹೀಗಾದರೆ ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಎಂದು ಎಚ್ಚರಿಸಿದ. ಜನರೂ! ನಾನು ಆ ಎರಡನೆಯ ಅರ್ಧವನ್ನು ಗಮನಿಸಿರಲಿಲ್ಲ. ಬಿಡುವಿಗೆ ಮುಂಚಿನ ವರ್ಷ ನನ್ನ ತರಗತಿಯ ಮಕ್ಕಳು ನನಗಿಂತ ಹೆಚ್ಚು ಬಳಲಿದ್ದರೇನೋ. ಒಂದು ಹುಡುಗಿ ಒಮ್ಮೆ ನನ್ನ ಮುಖ ನೋಡಿ ‘ಟೀಚರ್, ಇವತ್ತು ಯೇಸು ಕಥೆ ಬೇಡ ಅಂದ್ರೆ ನಾವು ಸುಮ್ನೆ ಕೂತ್ಕೋತೀವಿ’ ಅಂದಿದ್ದಳು. ಅದನ್ನು ತುಂಟತನ ಎಂದುಕೊಂಡು ಗದರಿದ್ದೆ.

ಬಿಡುವು ಎಂದರೆ ಯಾವಾಗಲೂ ಕೈಗೆ ಸಿಗುತ್ತದೆಂದು ನಾನು ಹೇಳಲಾರೆ. ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣುವಾರಿಸಿಕೊಳ್ಳಿ ಎಂದು ಯೇಸು ಶಿಷ್ಯರನ್ನು ಕರೆದುಕೊಂಡು ಹೋದ ದಿನವೇ ಜನ ಓಡಿಬಂದು ಮುತ್ತಿಕೊಂಡರು. ಅಂದು ಅವರ ಪಾಲಿಗೆ ಬಂದದ್ದು ಐದು ಸಾವಿರ ಗಂಡಸರಿಗೆ ರೊಟ್ಟಿ ಮೀನು ಹಂಚುವ ಕೆಲಸ. ಆದರೆ ಸಂಜೆ ಆತನು ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಕಳುಹಿಸಿಬಿಟ್ಟು, ತಾನೊಬ್ಬನೇ ಬೆಟ್ಟ ಹತ್ತಿದ. ಹಸಿದವರಿಗೆ ಉಣಿಸಿದ ಕೈಯೇ ಅವರನ್ನು ಮನೆಗೂ ಕಳುಹಿಸಿತು.

ಈಗ ನಾನು ತಿಂಗಳಿಗೆ ಎರಡು ಭಾನುವಾರ ಮಕ್ಕಳ ಜೊತೆ, ಎರಡು ಭಾನುವಾರ ನಾಲ್ಕನೇ ಸಾಲಿನಲ್ಲಿ. ಸೊಟ್ಟ ನಕ್ಷತ್ರದ ಇಬ್ಬರಲ್ಲಿ ಒಬ್ಬಳ ಮನೆಗೆ ಹೋಗಿ ತಪ್ಪಾಯಿತೆಂದೆ. ಅವಳು ವಾಪಸು ಬಂದಿದ್ದಾಳೆ, ಗೆಳತಿಯನ್ನೂ ಕರೆತಂದಿದ್ದಾಳೆ. ನಕ್ಷತ್ರ ಈಗಲೂ ಸೊಟ್ಟಗೇ ಇರುತ್ತದೆ. ಬಟ್ಟೆಯ ತುಂಡಿನಲ್ಲಿ ನಾನು ಒಂದು ದಿಂಬು ಹೊಲಿದು ಬೊಂಬೆಯ ಪೆಟ್ಟಿಗೆಗೆ ಸೇರಿಸಿದೆ. ಹೊಸ ಬಟ್ಟೆ, ಜುಂಗು ಚೆನ್ನಾಗಿದೆ. ಅದನ್ನು ಮೊದಲು ಬೋರ್ಡಿಗೆ ಒತ್ತಿ ಅದರ ಮೇಲೆ ಯೇಸುವನ್ನು ಇಟ್ಟರೆ ಜಾರುವುದಿಲ್ಲ. ಅದು ನಾನು ನೆನೆಸಿರದ ಲಾಭ.

ಬರುವ ಭಾನುವಾರ ನನ್ನ ಸರದಿಯಲ್ಲ. ಕತ್ತರಿ ಹನ್ನೊಂದೋ ಹನ್ನೆರಡೋ, ಆ ಹುಡುಗಿಯರು ಎಣಿಸಿಕೊಳ್ಳುತ್ತಾರೆ.

ಇತಿ,
ಒಬ್ಬ ಸಂಡೇ ಸ್ಕೂಲ್ ಟೀಚರ್
(ದಯವಿಟ್ಟು ಹೆಸರು ಹಾಕಬೇಡಿ. ಮಕ್ಕಳು ಪತ್ರಿಕೆ ಓದುತ್ತಾರೆ.)